ಬತ್ತಳಿಕೆಯ ತೂಕ

ಹೊರೆ ಹೊರುವ ವಿದ್ಯೆಯಲ್ಲಿ ಕನ್ನಡನಾಡಿನ ಹಿಂದಿನವರು ಯಾರಿಗೂ ಕಡಿಮೆಯವರಾಗಿರಲಿಲ್ಲ. ತಲೆಗೆ ಸಿಂಬೆ, ಹೆಗಲಿಗೆ ಅಡ್ಡೆ, ಬೆನ್ನಿಗೆ ಮೂಟೆ, ಕಂಕುಳಿಗೆ ಗಂಟು, ಎತ್ತಿನ ಬೆನ್ನಿಗೆ ಹೇರು, ದಾಸಯ್ಯನ ತೋಳಿಗೆ ಜೋಳಿಗೆ, ದೂರ ಪ್ರಯಾಣಿಕನ ಹೆಗಲ ಮೇಲೆ ನಡುವೆ ಬಾಯಿಯೂ ಹಿಂದೊಂದು ಮುಂದೊಂದು ಹೊಟ್ಟೆಯೂ ಇಳಿಬಿದ್ದ ಹಸಿಬೆ. ಹೀಗೆ ಒಂದೊಂದು ಭಾರಕ್ಕೂ ಒಂದೊಂದು ಉಪಾಯವನ್ನು ಅವರು ಕಂಡುಕೊಂಡಿದ್ದರು. ಭಾರವನ್ನು ಹೊರುವುದಷ್ಟೇ ಅಲ್ಲ, ಇಳಿಸುವುದೂ ಒಂದು ಕಷ್ಟವೆಂಬುದನ್ನು ಅವರು ಬಲ್ಲವರು. ಹಳೆಯ ದಾರಿಗಳ ಪಕ್ಕದಲ್ಲಿ ಈಗಲೂ ಅಲ್ಲಲ್ಲಿ ಎರಡು ನಿಲುಗಲ್ಲುಗಳ ಮೇಲೆ ಒಂದು ಅಡ್ಡಗಲ್ಲನ್ನಿರಿಸಿರುವುದು ಕಾಣುತ್ತದೆ. ತಲೆಹೊರೆಯವನು ಬಾಗದೆ, ಬಳುಕದೆ, ಇನ್ನೊಬ್ಬರ ಕೈನೆರವನ್ನು ಬೇಡದೆ ತನ್ನ ಹೊರೆಯನ್ನು ಅದರ ಮೇಲಕ್ಕೆ ಜಾರಿಸಿ, ಬೆವರೊರೆಸಿಕೊಂಡು, ಮತ್ತೆ ಅದರಿಂದಲೇ ತಲೆಗೆ ಜಾರಿಸಿಕೊಂಡು ಹೊರಡುತ್ತಿದ್ದನು. ಅದನ್ನು ನಿಲ್ಲಿಸಿದ ಪುಣ್ಯಾತ್ಮನು ನಿಶ್ಚಯವಾಗಿಯೂ ಒಮ್ಮೆಯಾದರೂ ಹೊರೆ ಹೊತ್ತಿದ್ದವನೇ ಇರಬೇಕು.

ಆ ಕಲ್ಲಿಗೆ ಕಾಲು ಮೂಡಿ, ಅದು ಹೊರೆಯವನ ಜೊತೆಯಲ್ಲಿಯೇ ನಡೆದು ಬರುವಂತಾದರೆ ಹೇಗಿದ್ದೀತು? ಗಾಲ್ಫ್ ಆಟಗಾರರು ಸ್ಟ್ಯಾಂಡ್ ಬ್ಯಾಗ್ ಎಂದು ಕರೆಯುವ ಚೀಲವು ಹೆಚ್ಚುಕಡಿಮೆ ಅದೇ. ಉದ್ದನೆಯ ಬತ್ತಳಿಕೆಯಂಥ ಚೀಲ. ಅದರ ಕೊರಳ ಬಳಿಯಲ್ಲಿ ಎರಡು ತೆಳ್ಳನೆಯ ಕಾಲುಗಳು. ಚೀಲದ ಬುಡವನ್ನು ನೆಲಕ್ಕೂರಿ ಸ್ವಲ್ಪ ಮುಂದಕ್ಕೆ ವಾಲಿಸಿದೊಡನೆ ಬುಡದ ತಟ್ಟೆ ಮಡಿಸಿಕೊಳ್ಳುತ್ತದೆ. ಅದಕ್ಕೆ ಸೇರಿದ ಸರಳು ಮೇಲಕ್ಕೆ ಒತ್ತಿ ಕಾಲುಗಳನ್ನು ಹೊರಕ್ಕೆ ದೂಡುತ್ತದೆ. ಚೀಲವು ಮೂರು ಕಾಲಿನ ಮೇಲೆ ಕೊಕ್ಕರೆಯಂತೆ ನಿಲ್ಲುತ್ತದೆ. ಎತ್ತಿದೊಡನೆ ಕಾಲುಗಳು ತಾವಾಗಿ ಮೈಗಂಟಿಕೊಳ್ಳುತ್ತವೆ. ಹೊರೆಯವನು ಬಗ್ಗಬೇಕಾಗಿಲ್ಲ. ದಾರಿಬದಿಯ ಕಲ್ಲಿನ ಯುಕ್ತಿಯೂ ಇಷ್ಟೇ ಅಲ್ಲವೆ?

ಇಂಥ ಚೀಲವೊಂದನ್ನು ಆರಿಸುವ ಕೆಲಸವು ಮೈಸೂರಿನ ಲಷ್ಕರ್ ಮೊಹಲ್ಲಾದ ರಾಯರೊಬ್ಬರ ಮನೆಯಲ್ಲಿ ಸುಮಾರು ನಾಲ್ಕು ತಿಂಗಳು ನಡೆಯಿತು. ಹೆಣ್ಣು ನೋಡುವ ಕಾರ್ಯವೂ ಅಷ್ಟು ಕಾಲ ಹಿಡಿದಿರಲಿಲ್ಲವೆಂದು ಅವರ ಮನೆಯಾಕೆ ಹೇಳುತ್ತಾರೆ.

ಲಷ್ಕರ್ ಎಂದರೆ ದಂಡು. ದಂಡಿನ ಹೆಸರನ್ನು ಹೊತ್ತ ಈ ಮೊಹಲ್ಲಾದಲ್ಲಿ ಈಗ ದಂಡಿಲ್ಲ; ಅಂಗಡಿಗಳ ದಂಡು ಮಾತ್ರ ಉಂಟು. ಅಶೋಕ ರಸ್ತೆಯ ಉದ್ದಕ್ಕೂ ವ್ಯಾಪಾರದ ಗದ್ದಲ, ಓಣಿಗಳಲ್ಲಿ ಹೊಲಿಗೆ ಯಂತ್ರಗಳ ಸದ್ದು, ಎಲ್ಲಕ್ಕೂ ಮೇಲೆ 1933ರಲ್ಲಿ ಅಸ್ತಿವಾರ ಹಾಕಿಸಿಕೊಂಡ ಸಂತ ಫಿಲೋಮಿನಾ ಚರ್ಚಿನ ಜೋಡಿ ಶಿಖರಗಳು. ಇಂಥ ಜಾಗದಲ್ಲಿ, ಹಜಾರಕ್ಕೆ ಅಂಟಿಕೊಂಡೇ ಬೀದಿಯಿರುವ ಮನೆಯಿಂದ, ಬ್ಯಾಂಕಿನಿಂದ ನಿವೃತ್ತರಾದ ಅರವತ್ತನಾಲ್ಕು ವಯಸ್ಸಿನ ಮಹನೀಯರೊಬ್ಬರು ಬೆಳಗಿನ ಐದೂವರೆಗೆ ಗಾಲ್ಫ್ ಚೀಲವನ್ನು ಆಟೋರಿಕ್ಷಾಕ್ಕೆ ತುರುಕುವ ದೃಶ್ಯವು ಮೊದಮೊದಲು ಬೀದಿಗೆಲ್ಲ ತಮಾಷೆಯಾಗಿತ್ತು. ಎದುರುಮನೆಯ ಮಕ್ಕಳು ಅದನ್ನು ಯಾವುದೋ ವಾದ್ಯವೆಂದು ನಿರ್ಧರಿಸಿದ್ದರು. ಡ್ರೈವರ್ ಎಂಬ ಹೆಸರಿನ ಉದ್ದದ ಕೋಲು ಮೂರುಮುಕ್ಕಾಲು ಅಡಿ. ಆಟೋದ ಹೊರಗೆ ಅದರ ತಲೆ, ಒಳಗೆ ರಾಯರ ತಲೆ. ಕೋಲಿಗೂ ಡ್ರೈವರೆಂದು ಹೆಸರು, ಆಟೋದವನಿಗೂ ಅದೇ ಹೆಸರು. ಇಬ್ಬರು ಡ್ರೈವರುಗಳ ನಡುವೆ ಕುಳಿತ ರಾಯರು ಊರನ್ನು ದಾಟಿ ಚಾಮುಂಡಿ ಬೆಟ್ಟದ ತಪ್ಪಲನ್ನು ಸೇರುತ್ತಿದ್ದರು.

ಮೈಸೂರಿನ ಗಾಲ್ಫ್ ಮೈದಾನವಿರುವುದು ಅಲ್ಲಿ, ಕುದುರೆಪಂದ್ಯದ ಬಯಲಿನ ನೆರೆಯಲ್ಲಿ. ಜಯಚಾಮರಾಜ ಒಡೆಯರ ಹೆಸರನ್ನು ಆ ಕ್ಲಬ್ಬು ಧರಿಸಿದೆ. ಭಾರತಕ್ಕೆ ಈ ಆಟವೇನೂ ಹೊಸತಲ್ಲ. ಕಲ್ಕತ್ತೆಯ ಕ್ಲಬ್ಬು ಆರಂಭವಾದದ್ದು 1829ರಲ್ಲಿ. ಬ್ರಿಟನ್ನಿನ ದ್ವೀಪಗಳ ಹೊರಗೆ ಅದಕ್ಕಿಂತ ಹಳೆಯದು ಬೇರೊಂದಿಲ್ಲ. ಬೆಂಗಳೂರಿನ ಕ್ಲಬ್ಬು 1876ರದು. ದೊರೆಗಳ ಆಟ, ಸಾಹೇಬರ ಆಟ ಎಂಬ ಹಣೆಪಟ್ಟಿ ಅದಕ್ಕೆ ಅಂಟಿದ್ದು ನಿಜ, ಈಗಲೂ ಅದು ಪೂರ್ತಿ ಅಳಿಸಿಲ್ಲವೆಂಬುದೂ ನಿಜ. ಆದರೆ ನಿವೃತ್ತರಾದ ಒಬ್ಬ ಮಧ್ಯಮವರ್ಗದವರಿಗೆ ಅದರಲ್ಲಿ ರುಚಿ ಹತ್ತಿದ್ದು ದೊರೆತನದ ಆಸೆಯಿಂದಲ್ಲ. ಹದಿನೆಂಟು ಕುಳಿಗಳನ್ನು ಮುಗಿಸುವಷ್ಟರಲ್ಲಿ ಏಳೆಂಟು ಕಿಲೋಮೀಟರು ನಡಿಗೆ ಆಗುತ್ತದೆ. ಸುಮ್ಮನೆ ನಡೆಯಿರಿ ಎಂದು ವೈದ್ಯರು ಹೇಳಿದರೆ ಯಾರು ನಡೆಯುತ್ತಾರೆ? ಮುಂದೆ ಒಂದು ಬಿಳಿಯ ಚೆಂಡನ್ನು ಎಸೆದರೆ ಎಂಥವನೂ ನಡೆದಾನು.

ನಡೆಯುವವರು ರಾಯರು. ಹೊರುವವನು ಬೇರೆ.

ಆ ಕ್ಯಾಡಿಗೆ ಐವತ್ತೆಂಟು ದಾಟಿತ್ತು. ಹುಡುಗನಾಗಿದ್ದಾಗಿನಿಂದಲೂ ಪರರ ಚೀಲಗಳನ್ನು ಹೊತ್ತವನು. ಹಾಗೆ ಹೊತ್ತು ಹೊತ್ತು ಅವನ ಬಲಹೆಗಲು ಎಡಹೆಗಲಿಗಿಂತ ಎರಡು ಬೆರಳು ಕೆಳಗಿಳಿದಿತ್ತು; ಅಂಗಿಯ ತೋಳು ಒಂದು ಕಡೆ ಉದ್ದವಾಗಿ ಕಾಣುತ್ತಿತ್ತು. ಯಾವ ಹುಲ್ಲು ಯಾವ ಕಡೆಗೆ ಬಾಗಿದೆ, ಬೆಟ್ಟದ ಕಡೆಯಿಂದ ಗಾಳಿ ಎಷ್ಟು ಹೊತ್ತಿಗೆ ಏಳುತ್ತದೆ, ಗ್ರೀನಿನ ಮೇಲೆ ಚೆಂಡು ಎಲ್ಲಿ ತಿರುವು ತೆಗೆದುಕೊಳ್ಳುತ್ತದೆ ಎಂಬುದೆಲ್ಲ ಅವನಿಗೆ ಕಂಠಪಾಠ. ರಾಯರಿಗೆ ಆಟ ಬಂದಷ್ಟೂ ಅವನಿಂದ ಬಂದದ್ದು. ಒಂದು ಶನಿವಾರ ಹನ್ನೊಂದನೆಯ ಕುಳಿಯ ಬಳಿ ಚೀಲವನ್ನಿಳಿಸಿದವನು ಮತ್ತೆ ಅದನ್ನು ಎತ್ತುವಾಗ ಮುಖ ತಿರುಗಿಸಿಕೊಂಡು ಹಲ್ಲು ಕಚ್ಚಿದ್ದನ್ನು ರಾಯರು ಕಂಡರು. ಕೇಳಿದರೆ, "ಏನಿಲ್ಲ ಸಾರ್, ಚಳಿಗೆ ಹಿಡ್ಕೊಂಡದೆ" ಎಂದನು. ಅದು ಏಪ್ರಿಲ್ ತಿಂಗಳು.

ಅವನ ಮಗಳ ಬಾಯಿಂದ ನಿಜ ತಿಳಿಯಿತು. ಸರಕಾರಿ ಆಸ್ಪತ್ರೆಯ ವೈದ್ಯರು ಹೆಗಲ ಕೀಲು ಸವೆದಿದೆಯೆಂದೂ ಭಾರ ಎತ್ತಬಾರದೆಂದೂ ಎರಡು ತಿಂಗಳ ಹಿಂದೆಯೇ ಹೇಳಿದ್ದರು. ಭಾರ ಎತ್ತದ ಕ್ಯಾಡಿಯನ್ನು ಯಾರು ಕರೆಯುತ್ತಾರೆ? ಆ ಭಯದಿಂದ ಅವನು ಅದನ್ನು ಬಚ್ಚಿಟ್ಟಿದ್ದನು.

ರಾಯರ ಚೀಲ ಸಾಮಾನ್ಯವಾದುದಲ್ಲ. ಅಮೆರಿಕದಲ್ಲಿರುವ ತಂಗಿಯ ಮಗನು ಉಡುಗೊರೆಯಾಗಿ ತಂದುಕೊಟ್ಟದ್ದು. ಕೋಲುಗಳನ್ನು ಬೇರೆಬೇರೆಯಾಗಿಡಲು ಹದಿನಾಲ್ಕು ಗೂಡುಗಳು, ಒಂಬತ್ತು ಜೇಬುಗಳು, ತಂಪು ಪಾನೀಯಕ್ಕೆಂದೇ ಒಂದು ಅರೆ. ಅದು ವಾಸ್ತವವಾಗಿ ಮೋಟಾರು ಗಾಡಿಯ ಹಿಂದೆ ಕಟ್ಟಿಕೊಂಡು ಹೋಗುವ ಜಾತಿಯ ಚೀಲ. ಮನುಷ್ಯನ ಹೆಗಲಿಗೆಂದು ಮಾಡಿದುದಲ್ಲ. ಬರಿಯ ಚೀಲವೇ ನಾಲ್ಕು ಕಿಲೋ. ಆ ದಿನ ಮಧ್ಯಾಹ್ನ ಅವರು ಅದನ್ನು ತುಂಬಿದ ಹಾಗೆಯೇ ತಂದು ಹಳೆಯ ಪೇಪರಿನವನ ತಕ್ಕಡಿಯ ಕೊಕ್ಕೆಗೆ ತೂಗುಹಾಕಿಸಿದರು. ಹದಿನಾಲ್ಕು ಕಿಲೋ ಇನ್ನೂರು ಗ್ರಾಮು. ಇದನ್ನು ಏಳೆಂಟು ಕಿಲೋಮೀಟರು, ಒಂದೇ ಪಟ್ಟಿಯಿಂದ, ಒಂದೇ ಹೆಗಲ ಮೇಲೆ!

ಅಂದಿನಿಂದ ಆರಂಭವಾಯಿತು ಶೋಧನೆ.

ಇಲ್ಲಿ ಸ್ವಲ್ಪ ಪೂರ್ವೇತಿಹಾಸವನ್ನು ಹೇಳಿದರೆ ಅಪ್ರಸ್ತುತವಾಗಲಾರದು. ಸ್ಕಾಟ್ಲೆಂಡಿನಲ್ಲಿ ಈ ಆಟ ಬೆಳೆದ ಕಾಲದಲ್ಲಿ ಚೀಲವೇ ಇರಲಿಲ್ಲ. 19ನೆಯ ಶತಮಾನದ ಕೊನೆಯ ದಶಕಗಳವರೆಗೂ ಕ್ಯಾಡಿಯು ಏಳೆಂಟು ಕೋಲುಗಳನ್ನು ಸೌದೆಯ ಕಟ್ಟಿನಂತೆ ಕಂಕುಳಲ್ಲಿ ಅವುಚಿಕೊಂಡು ನಡೆಯುತ್ತಿದ್ದನು. ಚೀಲ ಬಂದಿತು, ಚೀಲ ಬಂದದ್ದರಿಂದಲೇ ಕೋಲುಗಳ ಸಂಖ್ಯೆಯೂ ಏರಿತು. ಮನೆ ದೊಡ್ಡದಾದಂತೆ ಸಾಮಾನು ಬೆಳೆಯುವುದಿಲ್ಲವೆ, ಹಾಗೆ. ಇಪ್ಪತ್ತು, ಇಪ್ಪತ್ತೈದು ಕೋಲುಗಳನ್ನು ಹೇರಿಸುವ ಶೂರರು ಹುಟ್ಟಿಕೊಂಡರು. ಕಡೆಗೆ 1938ರಲ್ಲಿ ಅಮೆರಿಕದ ಸಂಸ್ಥೆಯೂ ಮರುವರ್ಷ ಬ್ರಿಟನ್ನಿನ ಸಂಸ್ಥೆಯೂ ಹದಿನಾಲ್ಕಕ್ಕಿಂತ ಹೆಚ್ಚು ಕೋಲು ಕೂಡದೆಂದು ಕಟ್ಟುಮಾಡಿದವು. ಆ ನಿಯಮ ಇಂದಿಗೂ ಉಂಟು. ಆದರೆ ಹದಿನಾಲ್ಕು ಇರಲೇಬೇಕೆಂದು ನಿಯಮವು ಎಲ್ಲಿಯೂ ಹೇಳುವುದಿಲ್ಲ. ಈ ಮಾತನ್ನು ಆಟಗಾರರು ಅನುಕೂಲವಾಗಿ ಮರೆಯುತ್ತಾರೆ.

1913ರಲ್ಲಿ ಅಮೆರಿಕದ ಓಪನ್ ಪಂದ್ಯವನ್ನು ಇಪ್ಪತ್ತು ವರ್ಷದ ಫ್ರಾನ್ಸಿಸ್ ವೀಮೆಟ್ ಎಂಬ ತರುಣನು ಗೆದ್ದಾಗ ಅವನ ಚೀಲವನ್ನು ಹೊತ್ತವನು ಎಡ್ಡಿ ಲೌರಿ ಎಂಬ ಹತ್ತು ವರ್ಷದ ಬಾಲಕ. ಅವರಿಬ್ಬರ ಚಿತ್ರ ಪ್ರಸಿದ್ಧವಾದುದು. ಹುಡುಗನ ಹೆಗಲಿನಲ್ಲಿರುವ ಚೀಲವು ಇಂದಿನ ಲೆಕ್ಕಕ್ಕೆ ಕೊಡೆಯ ಹೊದಿಕೆಯಷ್ಟೇ ಇದೆ. ಇಂದಿನ ವೃತ್ತಿ ಆಟಗಾರರ ಚೀಲವನ್ನು ಎಡ್ಡಿಗೆ ಕೊಟ್ಟಿದ್ದರೆ ಅದರೊಳಗೆ ಅವನನ್ನೇ ಇಟ್ಟು ಸಾಗಿಸಬಹುದಾಗಿತ್ತು.

ರಾಯರು ಬೆಂಗಳೂರಿಗೆ ಎರಡು ಸಲ ಹೋಗಿಬಂದರು. ಅಂಗಡಿಯವರು ತೋರಿಸಿದ ಚೀಲಗಳನ್ನು ಹೆಗಲಿಗೇರಿಸಿ, ಕನ್ನಡಿಯ ಮುಂದೆ ನಿಂತು, ಅಂಗಡಿಯ ಮೆಟ್ಟಿಲುಗಳನ್ನು ಹತ್ತಿ ಇಳಿದರು. ಮಾರುವ ಹುಡುಗನು ಮೊದಲು ನಕ್ಕನು. ಆಮೇಲೆ ಗೌರವ ತಾಳಿದನು. ಬೆಲೆಯ ವಿಷಯ ಹೇಳದಿರುವುದೇ ಲೇಸು. ಕೆಲವು ಸಾವಿರದಿಂದ ಆರಂಭವಾಗಿ ಹಲವು ಹತ್ತು ಸಾವಿರದವರೆಗೂ ಏರುವ ಈ ಏಣಿಯಲ್ಲಿ ವಿಚಿತ್ರವೆಂದರೆ, ಚೀಲದಲ್ಲಿ ವಸ್ತು ಕಡಿಮೆಯಾದಷ್ಟೂ ಬೆಲೆ ಹೆಚ್ಚು. ಅಲ್ಯೂಮಿನಿಯಂ ಕಾಲಿನದಕ್ಕೆ ಒಂದು ದರ, ಅದಕ್ಕಿಂತ ಹಗುರವಾದ ಕಾರ್ಬನ್ ನಾರಿನ ಕಾಲಿನದಕ್ಕೆ ಅದರ ಮೇಲೊಂದು ದರ. ಬಂಗಾರವನ್ನು ತೂಕಕ್ಕೆ ಕೊಳ್ಳುತ್ತಾರೆ. ಇದನ್ನು ತೂಕವಿಲ್ಲದ್ದಕ್ಕೆ ಕೊಳ್ಳಬೇಕು.

ಆದರೂ ಅವರು ಕಲಿತದ್ದು ಬಹಳ. ಒಂದೂವರೆ ಕಿಲೋಗೂ ಕಡಿಮೆಯ ಚೀಲಗಳುಂಟು. ಎತ್ತಿದರೆ ಹೂವಿನ ಬುಟ್ಟಿ. ಆದರೆ ಅವುಗಳ ಬಾಯಿ ಕಿರಿದು, ಬಟ್ಟೆ ತೆಳುವು. ಒಳಗೆ ಗೂಡುಗಳ ತೆರೆ ಬುಡದವರೆಗೆ ಇಳಿದಿಲ್ಲದಿದ್ದರೆ ಕೋಲುಗಳ ಹಿಡಿಗಳು ತಳದಲ್ಲಿ ಹೆಣೆದುಕೊಂಡು, ಒಂದನ್ನೆಳೆದರೆ ಮೂರು ಬರುತ್ತವೆ. ಎರಡೂವರೆ ಕಿಲೋ ದಾಟಿದವುಗಳಲ್ಲಿ ಸೌಕರ್ಯವೆಲ್ಲ ಇದೆ. ಆದರೆ ಜೇಬು ಇದ್ದಲ್ಲಿ ಸಾಮಾನು ಸೇರದೆ ಇರುವುದಿಲ್ಲ. ಬಟ್ಟೆಗಿಂತಲೂ ಮುಖ್ಯವಾದದ್ದು ಹೆಗಲ ಪಟ್ಟಿ. ಶಾಲೆಯ ಮಕ್ಕಳ ಬ್ಯಾಗಿನಂತೆ ಎರಡು ಪಟ್ಟಿಗಳಿದ್ದು, ಅವು ಬೆನ್ನಿನ ನಡುವೆ ಕೂಡುವಂತಿದ್ದರೆ ಭಾರವು ಎರಡು ಹೆಗಲಿಗೂ ಹಂಚಿಹೋಗುತ್ತದೆ, ಬೆನ್ನು ಒಂದು ಕಡೆಗೆ ವಾಲುವುದಿಲ್ಲ. ಸೊಂಟಕ್ಕೆ ತಾಗುವ ಕಡೆ ಮೆತ್ತೆ ಬೇಕು. ಎತ್ತುವುದಕ್ಕೆ ಬುಡದಲ್ಲೊಂದು ಬಾಯಲ್ಲೊಂದು ಹಿಡಿ ಬೇಕು. ಆಟೋದಿಂದಲೂ ರೈಲಿನಿಂದಲೂ ಇಳಿಸುವವರಿಗೆ ಇದರ ಬೆಲೆ ತಿಳಿಯುತ್ತದೆ. ಮಳೆಗೆ ಮುಚ್ಚಲು ಟೋಪಿ ಬೇಕು. ಕಾಲುಗಳನ್ನು ಮಾತ್ರ ಹತ್ತು ಸಲ ಬಿಚ್ಚಿ ಮಡಿಸಿ ನೋಡಬೇಕು. ಚೀಲದ ಮಿಕ್ಕ ದೋಷಗಳನ್ನು ಸಹಿಸಬಹುದು. ಇಳಿಜಾರಿನಲ್ಲಿ ಕಾಲು ತಡವರಿಸಿ ಬೀಳುವ ಚೀಲವನ್ನು ಸಹಿಸಲಾಗದು.

ಈ ಶಾಸ್ತ್ರಾರ್ಥವೆಲ್ಲ ಊಟದ ಹೊತ್ತಿನಲ್ಲಿ ಮನೆಯಾಕೆಯ ಕಿವಿಗೆ ದಿನವೂ ಬೀಳುತ್ತಿತ್ತು. ಒಂದೂ ಆರುನೂರೋ, ಎರಡೂ ನೂರೋ? ಐನೂರು ಗ್ರಾಮಿನ ಈ ಪ್ರಶ್ನೆ ಸಾರು ಆರಿಹೋದರೂ ತೀರುತ್ತಿರಲಿಲ್ಲ. ಒಂದು ರಾತ್ರಿ ಆಕೆ ಎದ್ದು ಹೋಗಿ, ಹಳೆಯ ಚೀಲದ ಜೇಬುಗಳನ್ನೆಲ್ಲ ಹಜಾರದ ಜಮಖಾನೆಯ ಮೇಲೆ ಬರಿದು ಮಾಡಿದರು. ಚೆಂಡುಗಳು ಉರುಳಿದವು. ಎಣಿಸಿದರೆ ಮೂವತ್ತು.

"ರೀ, ಒಂದು ಚೆಂಡು ಎಷ್ಟು ತೂಕ ಅಂದ್ರಿ?"

"ನಲವತ್ತಾರು ಗ್ರಾಮಿಗೆ ಮೀರಬಾರದು ಅಂತ ನಿಯಮ ಇದೆ."

"ಅಂದ್ರೆ ಇಪ್ಪತ್ತೆರಡು ಚೆಂಡಿಗೆ ಒಂದು ಕಿಲೋ ಆಯ್ತಲ್ಲ. ನೀವು ಐನೂರು ಗ್ರಾಮಿಗೆ ಎರಡು ಸಲ ಬೆಂಗಳೂರಿಗೆ ಹೋಗಿಬಂದ್ರಿ. ಆ ಪಾಪದ ಮನುಷ್ಯನ ಹೆಗಲ ಮೇಲೆ ಒಂದು ಕಿಲೋಗಿಂತ ಹೆಚ್ಚಿಗೆ ಬರೀ ಚೆಂಡೇ ಹೇರಿದ್ದೀರಿ!"

ಚೆಂಡುಗಳ ಹಿಂದೆ ಎರಡು ನೀರಿನ ಶೀಸೆಗಳು, ಎರಡು ಕೊಡೆಗಳು, ಹೋದ ದೀಪಾವಳಿಯಲ್ಲಿ ಯಾರೋ ಕೊಟ್ಟ ಒಣದ್ರಾಕ್ಷಿಯ ಪೊಟ್ಟಣ, ಬೀಗವಿಲ್ಲದ ಒಂದು ಬೀಗದಕೈ ಹೊರಬಂದವು. ನೀರಿನ ಲೆಕ್ಕ ಯಾರೂ ಹೇಳಬೇಕಾಗಿಲ್ಲ. ಲೀಟರಿಗೆ ಒಂದು ಕಿಲೋ. ರಾಯರು ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಲೆಕ್ಕ ನೋಡಿದವರು. ಆ ರಾತ್ರಿ ಅವರು ಹೆಚ್ಚು ಮಾತನಾಡಲಿಲ್ಲ.

ಮುಂದಿನ ಶನಿವಾರ ಕ್ಯಾಡಿಗೆ ವಿಷಯವನ್ನು ತಿಳಿಸಿದರು. ಹಗುರವಾದ ಚೀಲವೊಂದನ್ನು ಕೊಳ್ಳುತ್ತಿರುವುದಾಗಿಯೂ, ಅಗತ್ಯ ಬಿದ್ದರೆ ತಾವೇ ಅದನ್ನು ಹೊರಬಲ್ಲೆವೆಂದೂ ಸಂತೋಷದಿಂದಲೇ ಹೇಳಿದರು. ಅವನ ಮುಖದಲ್ಲಿ ಸಂತೋಷ ಕಾಣಲಿಲ್ಲ. ಸ್ವಲ್ಪ ಹೊತ್ತು ಹುಲ್ಲನ್ನು ನೋಡುತ್ತ ನಿಂತನು.

"ಬ್ಯಾಗು ಹಗುರ ಆಯ್ತು ಅಂದ್ರೆ, ನಾನೂ ಹಗುರ ಆದೆ ಅಂತ ಅಲ್ವಾ ಸಾರ್?"

ಹಗುರ ಎಂಬ ಪದಕ್ಕೆ ಕನ್ನಡದಲ್ಲಿ ಎರಡು ಮುಖ. ಭಾರವಿಲ್ಲದ್ದು ಹಗುರ, ಬೆಲೆಯಿಲ್ಲದಂತಾದುದೂ ಹಗುರ. ನಾಲ್ಕು ತಿಂಗಳ ಶೋಧನೆಯಲ್ಲಿ ರಾಯರಿಗೆ ಮೊದಲನೆಯದು ಮಾತ್ರ ಕಂಡಿತ್ತು. ನಡೆಯುವವನೇ ಹೊರುವಂತಾದರೆ ಹೊರುವವನು ಮನೆಗೆ ಹೋಗಬೇಕು. ತಳ್ಳುವ ಗಾಡಿಯೊಂದನ್ನು ಕೊಂಡರೂ ಪರಿಣಾಮ ಅದೇ. ದಿನಗೂಲಿಯ ಬದುಕಿನಲ್ಲಿ ಒಂದು ವಾರದ ಎರಡು ಬೆಳಗುಗಳೆಂದರೆ ಸಣ್ಣ ವಿಷಯವಲ್ಲ. ಅವನ ಮಗಳ ನರ್ಸಿಂಗ್ ಓದು ಇನ್ನೂ ಒಂದು ವರ್ಷ ಬಾಕಿಯಿತ್ತು.

"ನಿನ್ನ ಹೆಗಲಿಗೆ ಕೊಡುತ್ತಿದ್ದೆನೇನಯ್ಯ ಕೂಲಿ? ಹೆಗಲೇ ಬೇಕಾಗಿದ್ದರೆ ಹರೆಯದ ಹುಡುಗರು ಹತ್ತು ಮಂದಿ ಇದ್ದಾರೆ" ಎಂದು ರಾಯರು ಗದರಿದರು. ಗದರಿದಾಗಲೇ ಅವನಿಗೆ ನಂಬಿಕೆ ಬಂದದ್ದು. ಮೃದುವಾಗಿ ಹೇಳಿದ್ದರೆ ಪ್ರಾಯಶಃ ನಂಬುತ್ತಿರಲಿಲ್ಲ.

ಆಮೇಲೆ ನಡೆದದ್ದು ಸ್ವಾರಸ್ಯವಾಗಿದೆ. ಚೀಲವನ್ನು ಆರಿಸುವ ಕೆಲಸಕ್ಕೆ ಅವನೂ ಸೇರಿದನು. ಸೇರಿ, ಪ್ರಶ್ನೆಯನ್ನೇ ತಲೆಕೆಳಗು ಮಾಡಿದನು. ಚೀಲದ ವಿಚಾರ ಆಮೇಲಿರಲಿ, ಕೋಲುಗಳನ್ನು ಇತ್ತ ತನ್ನಿ ಎಂದನು. ಹದಿನಾಲ್ಕನ್ನೂ ಹುಲ್ಲಿನ ಮೇಲೆ ಸಾಲಾಗಿ ಮಲಗಿಸಿ, ಒಂದೊಂದನ್ನೇ ಎತ್ತಿ ತೀರ್ಪು ಕೊಡತೊಡಗಿದನು. "ಇದು ಹೋದ ವರ್ಷ ಎರಡು ಸಲ ಈಚೆಗೆ ಬಂದಿತ್ತು, ಎರಡು ಸಲಾನೂ ಕೆರೆಗೆ ಹೊಡೆದ್ರಿ. ಇದು ಆಚೆಯವರು ತಗೊಂಡರು ಅಂತ ನೀವೂ ತಗೊಂಡಿದ್ದು. ಐದೂ ಆರೂ ನಿಮ್ಮ ಕೈಲಿ ಒಂದೇ ದೂರ ಹೋಗ್ತವೆ, ಒಂದು ಸಾಕು." ಹೀಗೆ ಐದು ಕೋಲುಗಳು ಪಂಕ್ತಿಯಿಂದ ಎದ್ದು ಹೋದವು. ಉಳಿದವು ಒಂಬತ್ತು. ಕೋಲೊಂದಕ್ಕೆ ಸರಾಸರಿ ನಾನೂರ ಹತ್ತು ಗ್ರಾಮೆಂದರೂ ಎರಡು ಕಿಲೋ ಇಳಿಯಿತು. ಯಾವ ಕಾರ್ಬನ್ ಕಾಲೂ ಇಷ್ಟನ್ನು ಇಳಿಸಲಾರದು. ಆ ಒಂಬತ್ತಕ್ಕೆ ನಾಲ್ಕೇ ಗೂಡಿನ ಸಣ್ಣ ಚೀಲ ಧಾರಾಳವಾಯಿತು. ಹೀಗಾಗಿ ಒಂದೂ ಆರುನೂರರ, ಅಲ್ಯೂಮಿನಿಯಂ ಕಾಲಿನ, ಎರಡು ಪಟ್ಟಿಗಳ ಚೀಲ ಬಂದಿತು. ಪಟ್ಟಿಯ ಮೆತ್ತೆ ತೆಳುವಾಯಿತೆಂದು ಇರ್ವಿನ್ ರಸ್ತೆಯ ಬಳಿಯ ಬ್ಯಾಗು ರಿಪೇರಿಯವನಿಂದ ಇನ್ನೊಂದು ಪದರ ಹಾಕಿಸಿದರು. ಒಂಬತ್ತು ಕೋಲು, ಆರು ಚೆಂಡು, ಒಂದು ಶೀಸೆ ನೀರು, ಒಂದು ಕೊಡೆ, ಒಂದು ಟವಲು ಸೇರಿ ಏಳೂವರೆ ಕಿಲೋಗೆ ಒಳಗೆ ನಿಂತಿತು. ಮೊದಲಿನ ಭಾರದ ಅರ್ಧ.

ಹೊರುವುದು ಯಾರು? ಮೊದಲ ಒಂಬತ್ತು ಕುಳಿಗಳಿಗೆ ರಾಯರು, ಕಡೆಯ ಒಂಬತ್ತಕ್ಕೆ ಅವನು ಎಂದು ಒಪ್ಪಂದವಾಯಿತು, ಕೂಲಿ ಪೂರ್ತಿ. ಆದರೆ ಕ್ಲಬ್ಬಿನ ಎದುರಿಗೆ, ನಾಲ್ಕು ಜನ ನೋಡುವಲ್ಲಿ, ಯಜಮಾನರು ಹೊರುವುದೂ ತಾನು ಕೈಬೀಸಿಕೊಂಡು ನಡೆಯುವುದೂ ಅವನಿಗೆ ಸರಿಬರಲಿಲ್ಲ. ಮೊದಲ ಕುಳಿಯ ತಿರುವು ದಾಟುವವರೆಗೆ ಅವನೇ ಹೊರುತ್ತಾನೆ. ಮರಗಳು ಮರೆಯಾದ ಮೇಲೆ ರಾಯರಿಗೆ ದಾಟಿಸುತ್ತಾನೆ. ಮಾನಕ್ಕೂ ಒಂದು ತೂಕವುಂಟು. ಅದನ್ನು ತಕ್ಕಡಿಯವನು ತೂಗಲಾರನು.

ಚೀಲ ಹೊರುವುದರಲ್ಲಿ ಅವಮಾನವೇನೂ ಇಲ್ಲವೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ 2016ರಲ್ಲಿ ರಿಯೋ ಒಲಿಂಪಿಕ್ಸಿನಲ್ಲಿ ಆಡಿದಾಗ ಆಕೆಯ ಚೀಲವನ್ನು ಹೊತ್ತವರು ತಂದೆ. 2021ರ ಆಗಸ್ಟಿನಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಹೊತ್ತವರು ತಾಯಿ. ಜಪಾನಿನ ಆ ಬೇಗೆಯಲ್ಲಿ ನಾಲ್ಕು ದಿನ ಮಗಳ ಬೆನ್ನ ಹಿಂದೆ ತಾಯಿ ನಡೆದರು. ಮಗಳು ಒಂದೇ ಒಂದು ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯವಳಾದಳು. ಅದುವರೆಗೆ ಗಾಲ್ಫೆಂದರೆ ಏನೆಂದು ತಿಳಿಯದ ಎಷ್ಟೋ ಮನೆಗಳಲ್ಲಿ ಆ ಶನಿವಾರ ಮುಂಜಾನೆ ಟೆಲಿವಿಷನ್ನಿನ ಮುಂದೆ ಕಾಫಿ ಆರಿಹೋಯಿತು. ರಾಯರ ಮನೆಯಾಕೆಗೆ ಈ ಆಟದ ಮೇಲೆ ಮರ್ಯಾದೆ ಹುಟ್ಟಿದ್ದು ಆ ದಿನದಿಂದ.

ಇನ್ನು ಪ್ರಯಾಣ. ದೆಹಲಿಯಲ್ಲಿರುವ ಮಗಳ ಮನೆಗೆ ರಾಯರು ವರ್ಷಕ್ಕೊಮ್ಮೆ ಹೋಗುತ್ತಾರೆ. ಗಾಲ್ಫ್ ಕೋಲುಗಳನ್ನು ವಿಮಾನದಲ್ಲಿ ಕೈಯಲ್ಲಿ ಕೊಂಡೊಯ್ಯಲು ಅಪ್ಪಣೆಯಿಲ್ಲ. ಅವು ಸಾಮಾನಿನ ಜೊತೆಯಲ್ಲಿ ಹೊಟ್ಟೆಯೊಳಗೇ ಹೋಗಬೇಕು. ದೇಶದೊಳಗಿನ ಸಾಧಾರಣ ಟಿಕೆಟ್ಟಿಗೆ ಹದಿನೈದು ಕಿಲೋ ಮಿತಿ. ಹಳೆಯ ಚೀಲವೊಂದೇ ಆ ಮಿತಿಯನ್ನು ನುಂಗಿ, ರಾಯರ ಬಟ್ಟೆಗಳೆಲ್ಲ ಮನೆಯಾಕೆಯ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿ ಆಶ್ರಯ ಪಡೆಯಬೇಕಾಗಿತ್ತು. ರೈಲಿನಲ್ಲಿ ಮಿತಿ ಉದಾರವಾದರೂ ಮಲಗುವ ಬೆಂಚಿನ ಕೆಳಗೆ ಆ ದಪ್ಪ ಚೀಲ ಹೋಗುತ್ತಿರಲಿಲ್ಲ. ಹೊಸದು ಹೋಗುತ್ತದೆ. ಆದರೆ ಕಾಲುಳ್ಳ ಚೀಲಕ್ಕೆ ಪ್ರಯಾಣದಲ್ಲಿ ಒಂದು ಗಂಡಾಂತರವಿದೆ: ಎಸೆದರೆ ಮೊದಲು ಮುರಿಯುವುದು ಕಾಲಿನ ಕೀಲೇ. ಕಾಲುಗಳನ್ನು ಮೈಗೆ ಬಿಗಿದು ಕಟ್ಟಬೇಕು. ಕೋಲುಗಳ ತಲೆಗಳಿಗೆ ಟವಲು ಸುತ್ತಬೇಕು. ಅವೆಲ್ಲಕ್ಕಿಂತ ಎರಡು ಬೆರಳು ಉದ್ದವಾದ ಒಂದು ಗಟ್ಟಿ ದೊಣ್ಣೆಯನ್ನು ನಡುವೆ ನಿಲ್ಲಿಸಿದರೆ ಚೀಲ ತಲೆಕೆಳಗಾಗಿ ಬಿದ್ದಾಗ ಪೆಟ್ಟನ್ನು ಅದು ತಿನ್ನುತ್ತದೆ. ವಿದೇಶದಲ್ಲಿ ಇದಕ್ಕೆಂದೇ ಮಡಿಸುವ ಲೋಹದ ದಂಡವನ್ನು ಮಾರುತ್ತಾರಂತೆ. ಕ್ಯಾಡಿಯು ಒಂದು ಬಿದಿರ ಕೋಲನ್ನು ಅಳತೆಗೆ ಕತ್ತರಿಸಿ, ತುದಿಗೆ ಹಳೆಯ ಸೈಕಲ್ ಟ್ಯೂಬನ್ನು ಸುತ್ತಿ ತಂದುಕೊಟ್ಟನು. ಹೊರಡುವ ದಿನ ಚೀಲ, ಹೊದಿಕೆ, ಬೂಟು, ಬಿದಿರು ಎಲ್ಲ ಸೇರಿ ಹತ್ತು ಕಿಲೋ ಆಯಿತು. ಬಟ್ಟೆಗೆ ಐದು ಕಿಲೋ ಉಳಿಯಿತು. ಉಪ್ಪಿನಕಾಯಿಗೆ ನೆರೆಮನೆಯವರ ಕಾಟ ತಪ್ಪಿತು.

ಅಮೆರಿಕದ ಆ ಹಳೆಯ ಚೀಲ ಈಗ ಹಜಾರದ ಮೂಲೆಯಲ್ಲಿದೆ. ಅದರ ಹದಿನಾಲ್ಕು ಗೂಡುಗಳಲ್ಲಿ ಕೊಡೆಗಳೂ ಜೇಡರಬಲೆ ತೆಗೆಯುವ ಗಳುವೂ ನಿಂತಿವೆ. ಬೆಲೆಬಾಳುವ ವಸ್ತು, ಮಾರಿಕೊಂಡರೆ ನಾಲ್ಕು ಕಾಸಾದರೂ ಬರುತ್ತದೆಂದು ರಾಯರು ಅದನ್ನು ಕ್ಯಾಡಿಗೇ ಕೊಡಹೋದರು. ಅವನು ಒಮ್ಮೆ ಅದನ್ನು ನೋಡಿದನು, ಒಮ್ಮೆ ತನ್ನ ಬಲಹೆಗಲನ್ನು ಸವರಿಕೊಂಡನು.

"ಅದನ್ನ ಬಸ್ ಸ್ಟ್ಯಾಂಡ್‌ವರೆಗೂ ಹೊತ್ಕೊಂಡು ಹೋಗೋರು ಯಾರು ಸಾರ್?"